ಮೂವರು ಫಾರ್ವರ್ಡ್‌ಗಳು, ಒಂದೇ ತಕ್ಕಡಿ

2022ರ ಸೆಪ್ಟೆಂಬರ್ 1ರಂದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಒಂದು ದೊಡ್ಡ ವಿನಿಮಯದ ಸುದ್ದಿ ಹೊರಬಿತ್ತು. ಯೂಟಾ ಜಾಝ್ ತಂಡ ತನ್ನ ತಾರೆ ಡೊನೊವನ್ ಮಿಚೆಲ್ ಅವರನ್ನು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡಕ್ಕೆ ಬಿಟ್ಟುಕೊಟ್ಟಿತ್ತು. ಪ್ರತಿಯಾಗಿ ಅದಕ್ಕೆ ದೊರೆತದ್ದು ಮೂವರು ಆಟಗಾರರು, ಮುಂದಿನ ವರ್ಷಗಳ ಮೂರು ಮೊದಲ ಸುತ್ತಿನ ಆಯ್ಕೆಯ ಹಕ್ಕುಗಳು ಮತ್ತು ಎರಡು ವರ್ಷ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು. ಆ ಮೂವರಲ್ಲಿ ಒಬ್ಬರು ಫಿನ್‌ಲ್ಯಾಂಡಿನ ಏಳಡಿ ಎತ್ತರದ ಫಾರ್ವರ್ಡ್ ಲೌರಿ ಮಾರ್ಕಾನೆನ್. ಹಿಂದಿನ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 14.8 ಅಂಕ. ಐದು ವರ್ಷಗಳಲ್ಲಿ ಎರಡು ತಂಡ ಕಂಡಿದ್ದ ಅವರಿಗೆ ಇದು ಮೂರನೆಯದು.

ಮರು ಋತುವಿನಲ್ಲಿ ಅದೇ ಮಾರ್ಕಾನೆನ್ ಪಂದ್ಯಕ್ಕೆ 25.6 ಅಂಕ ಗಳಿಸಿದರು. 2023ರ ಫೆಬ್ರುವರಿಯಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ, ಅಂದರೆ ತಮ್ಮ ಹೊಸ ತವರಿನಲ್ಲೇ, ಆಲ್ ಸ್ಟಾರ್ ಪಂದ್ಯ ಆಡಿದರು. ಋತುವಿನ ಕೊನೆಗೆ ‘ಅತ್ಯಂತ ಸುಧಾರಿಸಿದ ಆಟಗಾರ’ ಪ್ರಶಸ್ತಿಯೂ ಬಂತು.

ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತದೆ ಎಂಬ ಗಾದೆ ಇದೆ. ಹಾಗಾದರೆ ಐದು ವರ್ಷ ಈ ಮೊಳಕೆ ಯಾರ ಕಣ್ಣಿಗೂ ಏಕೆ ಬೀಳಲಿಲ್ಲ? ತರುಣ ಆಟಗಾರರನ್ನು ಹೋಲಿಸಿ ನೋಡಿ ಒಬ್ಬರನ್ನು ಆರಿಸಬೇಕಾದ ತಂಡ ಯಾವ ಅಳತೆಗೋಲು ಹಿಡಿಯಬೇಕು?

ಹರಾಜಿಲ್ಲದ ಸಂತೆ

ಕ್ರಿಕೆಟ್‌ನ ಐಪಿಎಲ್ ಹರಾಜು ನೋಡಿದವರಿಗೆ ಎನ್‌ಬಿಎ ವ್ಯವಹಾರ ತುಸು ವಿಚಿತ್ರವಾಗಿ ಕಾಣಬಹುದು. ಅಲ್ಲಿ ಹರಾಜು ನಡೆಯುವುದಿಲ್ಲ. ಹೊಸಬರು ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್ ಎಂಬ ಸರದಿ ಆಯ್ಕೆಯ ಮೂಲಕ ತಂಡ ಸೇರುತ್ತಾರೆ. ಸೋತ ತಂಡಗಳಿಗೆ ಮುಂಚಿನ ಸರದಿ ಸಿಗುವ ಸಾಧ್ಯತೆ ಹೆಚ್ಚು. ಈಗಾಗಲೇ ಒಪ್ಪಂದದಲ್ಲಿರುವ ಆಟಗಾರ ಬೇಕೆಂದರೆ ಬರಿಯ ಹಣ ಸುರಿದರೆ ಆಗದು. ಬದಲಿಗೆ ಆಟಗಾರರನ್ನು ಕೊಡಬೇಕು, ಇಲ್ಲವೇ ಮುಂದಿನ ವರ್ಷಗಳ ಸರದಿಯನ್ನು ಬಿಟ್ಟುಕೊಡಬೇಕು. ಹೋಗುವವರ ಮತ್ತು ಬರುವವರ ಸಂಬಳದ ಲೆಕ್ಕವೂ ಲೀಗಿನ ನಿಯಮಕ್ಕೆ ಹೊಂದಬೇಕು.

ಗೆಲ್ಲುವ ಕಾಲ ಮುಗಿದ ತಂಡ ತನ್ನ ಹಿರಿಯ ತಾರೆಗಳನ್ನು ಬಿಟ್ಟುಕೊಟ್ಟು, ಎಳೆಯರನ್ನೂ ಸರದಿಗಳನ್ನೂ ಕೂಡಿಹಾಕತೊಡಗಿದರೆ ಅದನ್ನು ಮರುಕಟ್ಟುವ ತಂಡ ಎನ್ನಬಹುದು. ಅಂಥ ತಂಡದ ಕಣ್ಣು ಹೆಚ್ಚಾಗಿ ಫಾರ್ವರ್ಡ್‌ಗಳ ಮೇಲೆ. ಅಂಗಣದಲ್ಲಿರುವ ಐವರಲ್ಲಿ ಫಾರ್ವರ್ಡ್ ನಡುವಿನವನು. ಗಾರ್ಡ್‌ಗಿಂತ ಎತ್ತರ, ಸೆಂಟರ್‌ಗಿಂತ ಚುರುಕು. ದೂರದಿಂದ ಎಸೆಯಬಲ್ಲ, ಬುಟ್ಟಿಯ ಬಳಿ ಚೆಂಡಿಗೆ ಹಾರಬಲ್ಲ, ಎದುರಾಳಿಗಳಲ್ಲಿ ಮೂರು ಬಗೆಯವರನ್ನಾದರೂ ತಡೆಯಬಲ್ಲ ಫಾರ್ವರ್ಡ್ ಒಬ್ಬ ಸಿಕ್ಕರೆ ಉಳಿದ ನಾಲ್ವರನ್ನು ಅವನ ಸುತ್ತ ಹೊಂದಿಸುವುದು ಸುಲಭ.

ಒಂದೇ ವರ್ಷದ ಮೂವರು

ಈ ಹೋಲಿಕೆಗೆ ಹೇಳಿ ಮಾಡಿಸಿದಂಥ ಮೂವರಿದ್ದಾರೆ. ಮೂವರೂ ಹುಟ್ಟಿದ್ದು 1997ರಲ್ಲಿ. ಮಾರ್ಕಾನೆನ್ ಮೇ ತಿಂಗಳಲ್ಲಿ, ಬ್ರ್ಯಾಂಡನ್ ಇಂಗ್ರಾಮ್ ಮತ್ತು ಜಾನ್ ಕಾಲಿನ್ಸ್ ಸೆಪ್ಟೆಂಬರ್‌ನಲ್ಲಿ. ಮೂವರೂ ಫಾರ್ವರ್ಡ್‌ಗಳು. ಮೂವರನ್ನೂ ಮರುಕಟ್ಟುವ ತಂಡಗಳೇ ವಿನಿಮಯದಲ್ಲಿ ಪಡೆದವು.

ಇಂಗ್ರಾಮ್ 2016ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಲಾಸ್ ಏಂಜಲೀಸ್ ಲೇಕರ್ಸ್ ಸೇರಿದರು. 2019ರ ಜುಲೈಯಲ್ಲಿ ಆಂಟನಿ ಡೇವಿಸ್ ಅವರಿಗಾಗಿ ಲೇಕರ್ಸ್ ಅವರನ್ನು ಇನ್ನಿಬ್ಬರು ಆಟಗಾರರು ಮತ್ತು ಹಲವು ಸರದಿಗಳ ಜೊತೆ ನ್ಯೂ ಆರ್ಲಿಯನ್ಸ್ ಪೆಲಿಕನ್ಸ್‌ಗೆ ಕೊಟ್ಟಿತು. ಆಗ ವಯಸ್ಸು 21. ಹಿಂದಿನ ಋತುವಿನ ಸರಾಸರಿ 18.3 ಅಂಕ. ಜೊತೆಗೊಂದು ಆತಂಕವೂ ಇತ್ತು. ಆ ವರ್ಷದ ಮಾರ್ಚ್‌ನಲ್ಲಿ ಬಲತೋಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅವರ ಋತು ಅರ್ಧಕ್ಕೆ ನಿಂತಿತ್ತು.

ಮಾರ್ಕಾನೆನ್ ಯೂಟಾಕ್ಕೆ ಬಂದಾಗ ವಯಸ್ಸು 25. ಚಿಕಾಗೊ ಬುಲ್ಸ್‌ನಲ್ಲಿ ಎರಡನೆಯ ವರ್ಷ 18.7 ಅಂಕ, 9 ರೀಬೌಂಡ್ ತನಕ ಏರಿದ್ದವರು ನಾಲ್ಕನೆಯ ವರ್ಷ 13.6ಕ್ಕೆ ಇಳಿದು, ಮೊದಲ ಐವರಲ್ಲಿ ಸ್ಥಾನವನ್ನೂ ಕಳೆದುಕೊಂಡಿದ್ದರು. ಅಲ್ಲಿಂದ ಕ್ಲೀವ್‌ಲ್ಯಾಂಡ್‌ಗೆ ಹೋಗಿದ್ದರು.

ಕಾಲಿನ್ಸ್ ಹುಟ್ಟಿದ್ದೇ ಯೂಟಾ ರಾಜ್ಯದಲ್ಲಿ. 2017ರಲ್ಲಿ ಹತ್ತೊಂಬತ್ತನೆಯ ಸರದಿಯಲ್ಲಿ ಅಟ್ಲಾಂಟಾ ಹಾಕ್ಸ್ ಸೇರಿದರು. 2019–20ರಲ್ಲಿ ಪಂದ್ಯಕ್ಕೆ 21.6 ಅಂಕ, 10.1 ರೀಬೌಂಡ್. ಮೂರು ವರ್ಷ ಕಳೆಯುವಷ್ಟರಲ್ಲಿ 13.1 ಅಂಕಕ್ಕೆ ಇಳಿದರು. 2023ರ ಬೇಸಿಗೆಯಲ್ಲಿ 25ನೆಯ ವಯಸ್ಸಿನಲ್ಲಿ ಅವರೂ ಯೂಟಾ ಸೇರಿದರು.

ಅಂಕಪಟ್ಟಿಯ ಮೊದಲ ಸಾಲನ್ನು ಮಾತ್ರ ನೋಡುವವರು ಈ ಮೂವರಲ್ಲಿ ಯಾರನ್ನು ಆರಿಸುತ್ತಿದ್ದರು? ಅತಿ ಹೆಚ್ಚಿನ ಸರಾಸರಿ ಕಂಡಿದ್ದವರು ಕಾಲಿನ್ಸ್. ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೇಲಿದ್ದವರು ಇಂಗ್ರಾಮ್. ಮೂರನೆಯವರಾಗಿ ಉಳಿಯುತ್ತಿದ್ದವರು ಮಾರ್ಕಾನೆನ್ ಅವರೇ ಇರಬೇಕು.

ಅಂಕ ಎಷ್ಟು, ಯತ್ನ ಎಷ್ಟು?

ಸರಾಸರಿ ಅಂಕ ನೋಡುವ ಮುನ್ನ ಅದಕ್ಕಾಗಿ ಆದ ಖರ್ಚು ನೋಡಬೇಕು. ಕಾಗದದ ಮೇಲೆ ಇಬ್ಬರು ಆಟಗಾರರನ್ನು ಬರೆದುಕೊಳ್ಳಬಹುದು. ಮೊದಲನೆಯವನು 18 ಎಸೆತ, 4 ಫ್ರೀ ಥ್ರೋ ಬಳಸಿ 20 ಅಂಕ ಗಳಿಸುತ್ತಾನೆ. ಎರಡನೆಯವನು 11 ಎಸೆತ, 4 ಫ್ರೀ ಥ್ರೋಗಳಲ್ಲಿ 16 ಅಂಕ ಗಳಿಸುತ್ತಾನೆ. ಫ್ರೀ ಥ್ರೋಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ. ಕೆಲವು, ಬುಟ್ಟಿಗೆ ಬಿದ್ದ ಎಸೆತದ ಮೇಲೆ ಬೋನಸ್ ಆಗಿಯೂ ಬರುತ್ತವೆ. ಆದ್ದರಿಂದ ಲೆಕ್ಕಿಗರು ಒಂದು ಫ್ರೀ ಥ್ರೋವನ್ನು 0.44 ಯತ್ನ ಎಂದು ಎಣಿಸುತ್ತಾರೆ. ಹಾಗೆ ಎಣಿಸಿದರೆ ಮೊದಲನೆಯವನದು 19.76 ಯತ್ನ, ಯತ್ನಕ್ಕೆ 1.01 ಅಂಕ. ಎರಡನೆಯವನದು 12.76 ಯತ್ನ, ಯತ್ನಕ್ಕೆ 1.25 ಅಂಕ. ಇಪ್ಪತ್ತು ಯತ್ನಕ್ಕೆ ಐದು ಅಂಕದಷ್ಟು ವ್ಯತ್ಯಾಸ. ಅದಕ್ಕಿಂತ ಕಡಿಮೆ ಅಂತರದಲ್ಲಿ ಮುಗಿಯುವ ಪಂದ್ಯಗಳು ಎಷ್ಟೋ!

ಆದರೆ ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಕಡಿಮೆ ಎಸೆಯುವವನು ಸುಲಭದ ಎಸೆತಗಳನ್ನೇ ಆರಿಸಿಕೊಳ್ಳಬಹುದು. ಯತ್ನಗಳು ಹೆಚ್ಚಿದರೆ ಎದುರಾಳಿಯ ಗಮನ ಅವನತ್ತ ತಿರುಗುತ್ತದೆ, ಗುರಿ ತಪ್ಪುವುದೂ ಹೆಚ್ಚುತ್ತದೆ. ಸಾಮಾನ್ಯವಾಗಿ ನಡೆಯುವುದು ಹಾಗೆಯೇ. ಮಾರ್ಕಾನೆನ್ ಅವರ ವಿಷಯದಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. ಕ್ಲೀವ್‌ಲ್ಯಾಂಡ್‌ನಲ್ಲಿ ಪಂದ್ಯಕ್ಕೆ ಸುಮಾರು 11 ಎಸೆತ ಎಸೆಯುತ್ತಿದ್ದವರು ಯೂಟಾದಲ್ಲಿ ಸುಮಾರು 17 ಎಸೆದರು. ಗುರಿ ಮುಟ್ಟುವ ಪ್ರಮಾಣ ಶೇ 44.5ರಿಂದ ಶೇ 49.9ಕ್ಕೆ ಏರಿತು. ಹೊರೆ ಹೆಚ್ಚಿದಷ್ಟೂ ಕೆಲಸ ಚೊಕ್ಕವಾಯಿತು. ಹಾಗಿದ್ದರೆ ಹಳೆಯ ತಂಡಗಳಲ್ಲಿ ಕೊರತೆ ಇದ್ದದ್ದು ಕೈಯಲ್ಲೋ, ಕೆಲಸ ಹಂಚಿದ ರೀತಿಯಲ್ಲೋ?

ನೂರು ಎಸೆತದ ಮೋಸ

ಇಂದಿನ ಆಟದಲ್ಲಿ ಫಾರ್ವರ್ಡ್‌ಗೆ ಮೂರು ಅಂಕದ ಎಸೆತ ಬಾರದಿದ್ದರೆ ಬೆಲೆ ಕಡಿಮೆ. ಆದ್ದರಿಂದ ಎಲ್ಲರೂ ಮೊದಲು ನೋಡುವುದು ಆ ಶೇಕಡಾವಾರನ್ನು. ಇಂಗ್ರಾಮ್ ಅವರದು 2017–18ರಲ್ಲಿ ಶೇ 39. ಮರುವರ್ಷ ಶೇ 33. ಕೈ ಕೆಟ್ಟಿತೇ?

ಹಾಗೆ ಹೇಳಲು ಬರುವುದಿಲ್ಲ. ಎರಡೂ ವರ್ಷ ಅವರು ಎಸೆದದ್ದು ಸುಮಾರು ನೂರು ಎಸೆತ. ನಿಜವಾದ ಸಾಮರ್ಥ್ಯ ಶೇ 36 ಇರುವ ಒಬ್ಬ ಆಟಗಾರ ನೂರು ಸಲ ಎಸೆದರೆ ಪ್ರತಿ ಬಾರಿಯೂ 36 ಬೀಳುವುದಿಲ್ಲ. ಬರಿಯ ಆಕಸ್ಮಿಕದಿಂದಲೇ ಮೂರರಲ್ಲಿ ಸುಮಾರು ಎರಡು ಬಾರಿ ಫಲಿತಾಂಶ 31ರಿಂದ 41ರ ನಡುವೆ ಎಲ್ಲಾದರೂ ಬೀಳುತ್ತದೆ. ಉಳಿದ ಬಾರಿ ಅದರ ಆಚೆಗೂ ಹೋಗುತ್ತದೆ. ನಾಣ್ಯವನ್ನು ಹತ್ತು ಸಲ ಚಿಮ್ಮಿ ಏಳು ಸಲ ತಲೆ ಬಿದ್ದರೆ ನಾಣ್ಯವೇ ಖೋಟಾ ಎನ್ನಲಾಗುವುದಿಲ್ಲ. ಇದೂ ಹಾಗೆಯೇ. 39 ಮತ್ತು 33 ಎರಡೂ ಒಂದೇ ಕೈಯಿಂದ ಬಂದಿರಬಹುದು.

ಫ್ರೀ ಥ್ರೋ ಇದಕ್ಕಿಂತ ನಂಬಿಕೆಯ ಸಾಕ್ಷಿ. ದೂರ ನಿಗದಿ, ಬುಟ್ಟಿಯ ಹಲಗೆಯಿಂದ 15 ಅಡಿ. ಅಡ್ಡ ಬರುವವರಿಲ್ಲ, ಅವಸರವಿಲ್ಲ. ಪ್ರಯೋಗಶಾಲೆಯಲ್ಲಿ ಒಂದನ್ನುಳಿದು ಮಿಕ್ಕೆಲ್ಲವನ್ನು ಸ್ಥಿರವಾಗಿಟ್ಟು ಅಳೆಯುವಂತೆ, ಇಲ್ಲಿ ಕೈಯೊಂದನ್ನೇ ಅಳೆಯಬಹುದು. ಮಾರ್ಕಾನೆನ್ ಅವರ ಫ್ರೀ ಥ್ರೋ ಪ್ರಮಾಣ ಮೊದಲ ಐದೂ ವರ್ಷ ಶೇ 80ಕ್ಕಿಂತ ಮೇಲಿತ್ತು. ಅಂಕ 18.7ರಿಂದ 13.6ಕ್ಕೆ ಕುಸಿದ ವರ್ಷಗಳಲ್ಲೂ ಆ ಕೈ ಕದಲಿರಲಿಲ್ಲ. ಮೊಳಕೆ ಅಲ್ಲಿತ್ತು. ನೋಡಿದವರು ಕಡಿಮೆ.

ಹಾಗೆಂದು ಇದನ್ನೇ ಪಂಚಾಂಗದಂತೆ ನಂಬಿದರೂ ಕಷ್ಟ. ಲೇಕರ್ಸ್‌ನಲ್ಲಿ ಕೊನೆಯ ವರ್ಷ ಇಂಗ್ರಾಮ್ ಅವರ ಫ್ರೀ ಥ್ರೋ ಶೇ 67.5 ಮಾತ್ರ. ಈ ಅಳತೆಗೋಲು ಹಿಡಿದವರು ಅವರನ್ನು ಬದಿಗಿಡುತ್ತಿದ್ದರು. ನ್ಯೂ ಆರ್ಲಿಯನ್ಸ್‌ನಲ್ಲಿ ತರಬೇತುದಾರ ಫ್ರೆಡ್ ವಿನ್ಸನ್ ಅವರೊಂದಿಗೆ ಎಸೆತವನ್ನು ತಿದ್ದಿಕೊಂಡ ಇಂಗ್ರಾಮ್ ಮೊದಲ ಋತುವಿನಲ್ಲೇ ಫ್ರೀ ಥ್ರೋವನ್ನು ಶೇ 85.1ಕ್ಕೆ ಒಯ್ದರು. ಮೂರು ಅಂಕದ ಎಸೆತವನ್ನು ಮೂರು ಪಟ್ಟಿಗಿಂತ ಹೆಚ್ಚು ಬಾರಿ ಎಸೆದು ಶೇ 39.1 ಗುರಿ ಮುಟ್ಟಿಸಿದರು. ಸರಾಸರಿ 23.8 ಅಂಕ, ಆಲ್ ಸ್ಟಾರ್ ಪಂದ್ಯ, ಅದೇ ‘ಅತ್ಯಂತ ಸುಧಾರಿಸಿದ ಆಟಗಾರ’ ಪ್ರಶಸ್ತಿ. ಇಪ್ಪತ್ತೆರಡರ ವಯಸ್ಸಿನಲ್ಲಿ ಇನ್ನೂ ತಿದ್ದಬಹುದಾದ ಕೈ ಅದು. ಕಲಿಯಲು ಮನಸ್ಸು, ಕಲಿಸಲು ಜನ ಎರಡೂ ಕೂಡಿಬಂದವು.

ನಿಲ್ಲಿಸಿದ ಜಾಗ

ಮೊಳಕೆಯನ್ನು ನೋಡುವವರು ನೆಲವನ್ನೂ ನೋಡಬೇಕು. ಕ್ಲೀವ್‌ಲ್ಯಾಂಡ್‌ನಲ್ಲಿ ಮಾರ್ಕಾನೆನ್ ಅವರ ಪಕ್ಕದಲ್ಲಿ ಜ್ಯಾರೆಟ್ ಆ್ಯಲನ್, ಇವಾನ್ ಮೋಬ್ಲಿ ಎಂಬ ಇನ್ನಿಬ್ಬರು ಎತ್ತರದವರಿದ್ದರು. ಬುಟ್ಟಿಯ ಸುತ್ತಲ ಜಾಗ ಅವರದ್ದಾದ್ದರಿಂದ ಇವರು ಹೊರಗೆ ನಿಂತು ಚೆಂಡಿಗಾಗಿ ಕಾಯಬೇಕಿತ್ತು. ತಂಡ ಗೆಲ್ಲುತ್ತಿತ್ತು, ಅವರ ಕೆಲಸ ಮಾತ್ರ ಚಿಕ್ಕದಾಗಿತ್ತು.

ಇದೇ ಆಟಗಾರ ದೇಶದ ಅಂಗಿ ತೊಟ್ಟಾಗ ಏನಾಗುತ್ತಿತ್ತು? ವಿನಿಮಯ ನಡೆದ ಅದೇ ಸೆಪ್ಟೆಂಬರ್‌ನಲ್ಲಿ ಯೂರೋಪಿನ ರಾಷ್ಟ್ರೀಯ ತಂಡಗಳ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಫಿನ್‌ಲ್ಯಾಂಡ್ ಪರ ಆಡಿದ ಮಾರ್ಕಾನೆನ್ ಕ್ರೊಯೇಷ್ಯಾ ವಿರುದ್ಧ ಒಂದೇ ಪಂದ್ಯದಲ್ಲಿ 43 ಅಂಕ ಗಳಿಸಿದರು. ಅದೇ ದೇಹ, ಅದೇ ಕೈ. ಬದಲಾದದ್ದು ಜಾಗ. ಅಲ್ಲಿ ಆಟವೆಲ್ಲ ಅವರ ಮೂಲಕ ಹರಿಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಕಂಡದ್ದು ಬೇರೆ ಅಂಗಳದಲ್ಲಿ ಮದ್ದೇ ಆಗಿತ್ತು.

ಕಾಲಿನ್ಸ್ ಅವರ ಇಳಿತದ ಕಥೆಯಲ್ಲೂ ನೆಲದ ಪಾಲಿದೆ. ಅಟ್ಲಾಂಟಾದಲ್ಲಿ ಚೆಂಡು ಬಹುಪಾಲು ಗಾರ್ಡ್ ಟ್ರೇ ಯಂಗ್ ಅವರ ಕೈಯಲ್ಲಿರುತ್ತಿತ್ತು. ಆರಂಭದಲ್ಲಿ ಯಂಗ್ ಕೊಟ್ಟ ಚೆಂಡು ಹಿಡಿದು ಬುಟ್ಟಿಯತ್ತ ಹಾರುವ ಕೆಲಸ ಕಾಲಿನ್ಸ್ ಅವರದು. ಸೆಂಟರ್ ಕ್ಲಿಂಟ್ ಕಪೆಲಾ ಬಂದ ಮೇಲೆ ಆ ಕೆಲಸದ ದೊಡ್ಡ ಪಾಲು ಅವರಿಗೆ ಹೋಯಿತು. ಪಂದ್ಯಕ್ಕೆ ಸುಮಾರು 15 ಎಸೆತ ಇದ್ದದ್ದು ಕ್ರಮೇಣ 10ಕ್ಕೆ ಇಳಿಯಿತು. ಅದರ ಮೇಲೆ 2022ರಲ್ಲಿ ಬಲಗೈಯ ಉಂಗುರ ಬೆರಳಿಗೆ ಪೆಟ್ಟು. 2022–23ರಲ್ಲಿ ಮೂರು ಅಂಕದ ಎಸೆತ ಶೇ 29.2ಕ್ಕೆ ಕುಸಿಯಿತು. ಬೆರಳು ಮಾಗಿ, ಜಾಗ ಸಿಕ್ಕ ಮೇಲೆ ಯೂಟಾದಲ್ಲಿ ಅದು ಮೊದಲ ವರ್ಷ ಶೇ 37ರ ಆಸುಪಾಸಿಗೂ ಎರಡನೆಯ ವರ್ಷ ಶೇ 40ರ ಸಮೀಪಕ್ಕೂ ಮರಳಿತು.

ಬೆಲೆಚೀಟಿ

ಒಪ್ಪಂದವನ್ನು ನೋಡದೆ ಆಟಗಾರನನ್ನು ತೂಗುವುದು ಬಾಡಿಗೆ ಕೇಳದೆ ಮನೆ ಮೆಚ್ಚಿದಂತೆ. ಕಾಲಿನ್ಸ್ 2021ರಲ್ಲಿ ಐದು ವರ್ಷಕ್ಕೆ 12.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿದ್ದರು. ಅಂಕ ಇಳಿದರೂ ಸಂಬಳ ಇಳಿಯಲಿಲ್ಲ. ಅಟ್ಲಾಂಟಾ ಆ ಹೊರೆ ಇಳಿಸಲು ಹವಣಿಸುತ್ತಿತ್ತು. ಯೂಟಾದ ಸಂಬಳದ ಮಿತಿಯಲ್ಲಿ ಜಾಗ ಖಾಲಿ ಇತ್ತು. ಹೀಗಾಗಿ ಹಿಂದೊಮ್ಮೆ 21 ಅಂಕದ ಸರಾಸರಿ ಕಂಡಿದ್ದ ಫಾರ್ವರ್ಡ್, 36 ವರ್ಷದ ರೂಡಿ ಗೇ ಮತ್ತು ಒಂದು ಎರಡನೆಯ ಸುತ್ತಿನ ಸರದಿಗೆ ದೊರೆತರು. ಗೆಲ್ಲಬೇಕಾದ ಒತ್ತಡ ಇಲ್ಲದ ತಂಡಕ್ಕೆ ಮಾತ್ರ ಒದಗುವ ಅಗ್ಗದ ವ್ಯಾಪಾರ ಇದು.

ಇಂಗ್ರಾಮ್ ಅವರ ವಿಷಯದಲ್ಲಿ ಲೆಕ್ಕ ಬೇರೆ. ಅವರ ಎಳೆಯ ಒಪ್ಪಂದದಲ್ಲಿ ಉಳಿದಿದ್ದು ಒಂದೇ ವರ್ಷ. ಆ ವರ್ಷ ಅವರು ಮಿಂಚಿದ್ದರಿಂದ 2020ರಲ್ಲಿ ನ್ಯೂ ಆರ್ಲಿಯನ್ಸ್ ಐದು ವರ್ಷಕ್ಕೆ 15.8 ಕೋಟಿ ಡಾಲರ್ ಕೊಡಬೇಕಾಯಿತು. ಮಾರ್ಕಾನೆನ್ ಅವರದು ಮೂವರಲ್ಲಿ ಹದವಾದದ್ದು. ಮಧ್ಯಮ ಸಂಬಳ, ಇನ್ನೂ ಮೂರು ವರ್ಷ ಬಾಕಿ. ತಾರೆಯ ಆಟ ಎರಡು ಋತು ಸಾಧಾರಣ ಬೆಲೆಗೆ ಸಿಕ್ಕಿತು. 2024ರ ಆಗಸ್ಟ್‌ನಲ್ಲಿ ಯೂಟಾ ಅದನ್ನು ಐದು ವರ್ಷಕ್ಕೆ 23.8 ಕೋಟಿ ಡಾಲರ್‌ಗೆ ಹೊಸದಾಗಿ ಬರೆಯಿತು.

ಗಡಿಯಾರ ಯಾರದು?

ಇಷ್ಟೆಲ್ಲ ಸರಿಯಾಗಿ ತೂಗಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಆಟಗಾರ ಮಾಗುವ ಹೊತ್ತಿಗೆ ತಂಡ ಮಾಗಿರುತ್ತದೆಯೇ?

ಇಂಗ್ರಾಮ್ ಬಂದ ಮೇಲೆ ನ್ಯೂ ಆರ್ಲಿಯನ್ಸ್ 2022ರಲ್ಲೂ 2024ರಲ್ಲೂ ಪ್ಲೇ ಆಫ್ ತಲುಪಿತು. ಎರಡೂ ಬಾರಿ ಮೊದಲ ಸುತ್ತಿನಲ್ಲೇ ಸೋತಿತು. 2025ರ ಫೆಬ್ರುವರಿಯಲ್ಲಿ, ಕಾಲಿನ ಗಾಯದಿಂದ ಆಟವಾಡದೆ ಕುಳಿತಿದ್ದ ಇಂಗ್ರಾಮ್ ಅವರನ್ನು ಟೊರಾಂಟೊ ರ‍್ಯಾಪ್ಟರ್ಸ್‌ಗೆ ಬಿಟ್ಟುಕೊಟ್ಟಿತು. ಅವರನ್ನು ಕಳಿಸಿ ಡೇವಿಸ್ ಅವರನ್ನು ಪಡೆದ ಲೇಕರ್ಸ್ 2020ರಲ್ಲೇ ಚಾಂಪಿಯನ್ ಆಗಿತ್ತು. ಆಟಗಾರನ ಆಯ್ಕೆ ತಪ್ಪಾಗಿರಲಿಲ್ಲ, ಆದರೂ ಫಲ ದೊರೆತದ್ದು ಇನ್ನೊಂದು ದಡದಲ್ಲಿ.

ಯೂಟಾದ ಸ್ಥಿತಿ ಇನ್ನೂ ವಿಚಿತ್ರ. ಮಾರ್ಕಾನೆನ್ ಅರಳಿದ 2022–23ರಲ್ಲಿ ಅದು 37 ಪಂದ್ಯ ಗೆದ್ದಿತು. ಮರುಕಟ್ಟುವ ತಂಡಕ್ಕೆ ಅದು ಅರೆಬರೆ ಸ್ಥಿತಿ. ಪ್ಲೇ ಆಫ್‌ಗೆ ಸಾಲದು, ಒಳ್ಳೆಯ ಸರದಿಗೆ ಹೆಚ್ಚಾಯಿತು. ಮುಂದೆ 31, ಆಮೇಲೆ 2024–25ರಲ್ಲಿ 17. ಎಂಬತ್ತೆರಡು ಪಂದ್ಯಗಳಲ್ಲಿ 65 ಸೋಲು, ಲೀಗಿನಲ್ಲೇ ಕೊನೆಯ ಸ್ಥಾನ. ಅದೇ ಋತುವಿನಲ್ಲಿ ಕಾಲಿನ್ಸ್ 19 ಅಂಕದ ಸರಾಸರಿಯಲ್ಲಿ ಆಡಿದರು. ಆಡಬಲ್ಲ ಸ್ಥಿತಿಯಲ್ಲಿದ್ದ ಮಾರ್ಕಾನೆನ್ ಅವರನ್ನು ಹೊರಗೆ ಕೂರಿಸಿದ್ದಕ್ಕೆ 2025ರ ಮಾರ್ಚ್‌ನಲ್ಲಿ ಲೀಗ್ ಯೂಟಾ ತಂಡಕ್ಕೆ ಒಂದು ಲಕ್ಷ ಡಾಲರ್ ದಂಡ ಹಾಕಿತು.

ಅಷ್ಟು ಸೋತದ್ದಕ್ಕೆ ಸಿಕ್ಕಿದ್ದೇನು? ಕೊನೆಯ ಮೂರು ತಂಡಗಳಿಗೆ ಮೊದಲ ಸರದಿ ಬರುವ ಸಾಧ್ಯತೆ ತಲಾ ಶೇ 14 ಮಾತ್ರ. ಚೀಟಿ ಎತ್ತಿದಾಗ ಯೂಟಾಕ್ಕೆ ಬಂದದ್ದು ಐದನೆಯ ಸರದಿ. ಶೇ 1.8 ಸಾಧ್ಯತೆಯಿದ್ದ ಡಲ್ಲಾಸ್‌ಗೆ ಮೊದಲನೆಯದು ಹೋಯಿತು. ಯೂಟಾ ಆ ಐದನೆಯ ಸರದಿಯಲ್ಲಿ ಆರಿಸಿದ್ದು ಮತ್ತೊಬ್ಬ ಎಳೆಯ ಫಾರ್ವರ್ಡ್ ಏಸ್ ಬೇಲಿ ಅವರನ್ನು. ಜುಲೈಯಲ್ಲಿ ಕಾಲಿನ್ಸ್ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಹೊರಟರು. ಬದಲಿಗೆ ಬಂದ ಆಟಗಾರರು ಕೆವಿನ್ ಲವ್, ಕೈಲ್ ಆ್ಯಂಡರ್ಸನ್ ಎಂಬ ಮೂವತ್ತು ದಾಟಿದ ಇಬ್ಬರು. ಆಟ ಸುಧಾರಿಸಿತ್ತು, ಸಂತೆಯಲ್ಲಿ ಬೆಲೆ ಹೆಚ್ಚಲಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆ

ಮೂವರ ಕಥೆಯನ್ನು ಕೂಡಿಸಿ ನೋಡಿದರೆ ಒಂದು ವಿಷಯ ತಿಳಿಯಾಗುತ್ತದೆ. ಮರುಕಟ್ಟುವ ತಂಡದ ಕೈಯಲ್ಲಿ ಗೆಲುವಿಲ್ಲ, ತಾರೆಗಳಿಲ್ಲ. ಆದರೆ ಬೇರೆ ತಂಡಗಳಲ್ಲಿ ಇಲ್ಲದ ಎರಡು ವಸ್ತು ಅದರ ಬಳಿ ಇವೆ. ಅಂಗಣದ ಮೇಲೆ ಆಡಿಸಲು ನಿಮಿಷಗಳು ಮತ್ತು ತಪ್ಪು ಮಾಡಲು ಬಿಡುವಷ್ಟು ತಾಳ್ಮೆ. ಎಳೆಯ ಫಾರ್ವರ್ಡ್‌ನನ್ನು ಕೊಳ್ಳುವ ನಿಜವಾದ ನಾಣ್ಯ ಇದೇ. ಬೇರೆಡೆ ಮೂಲೆ ಸೇರಿದ, ಆದರೆ ಕೈ ಕದಲದ ಆಟಗಾರನನ್ನು ಹುಡುಕಿದರೆ ಈ ನಾಣ್ಯ ಸಲ್ಲುತ್ತದೆ. ಮಾರ್ಕಾನೆನ್ ವಿಷಯದಲ್ಲಿ ಸಂದಿತು. ಆದ್ದರಿಂದ ಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದು ಆಟಗಾರನ ಹೆಸರಲ್ಲ. ತಂಡದಲ್ಲಿ ಯಾವ ಜಾಗ ಖಾಲಿ ಇದೆ, ಎಷ್ಟು ವರ್ಷ ಕಾಯಬಹುದು ಎಂಬ ಎರಡು ಸಾಲು. ಆಮೇಲೆ ವಯಸ್ಸು, ಫ್ರೀ ಥ್ರೋ, ಯತ್ನಕ್ಕೆ ಅಂಕ, ಒಪ್ಪಂದ. ಕೊನೆಗೆ ಬೇಕಾದರೆ ಸರಾಸರಿ ಅಂಕ.

ಇನ್ನೊಂದು ಮಾತನ್ನೂ ಮರೆಯಬಾರದು. ಈ ವಿನಿಮಯಗಳಲ್ಲಿ ತೂಗಿಸಿಕೊಳ್ಳುವವನಿಗೆ ಹೆಚ್ಚಾಗಿ ಆಯ್ಕೆ ಇರುವುದಿಲ್ಲ. ಇಪ್ಪತ್ತೊಂದರ ಹುಡುಗ ಒಂದು ಬೆಳಿಗ್ಗೆ ಬೇರೆ ಊರಿನವನಾಗುತ್ತಾನೆ. ಕೋಟಿಗಟ್ಟಲೆ ಸಂಬಳ ಸಿಗುತ್ತದೆ, ನಿಜ. ಆದರೆ ಫಾರ್ವರ್ಡ್ ಒಬ್ಬನ ಕಾಲಿನಲ್ಲಿ ಕಸುವಿರುವುದು ಹತ್ತು ಹನ್ನೆರಡು ವರ್ಷ. ಮಾರ್ಕಾನೆನ್ ಇಪ್ಪತ್ತೈದಕ್ಕೆ ಯೂಟಾಕ್ಕೆ ಬಂದರು. ಇಪ್ಪತ್ತೆಂಟು ತುಂಬುವವರೆಗೆ ಪ್ಲೇ ಆಫ್‌ನ ಒಂದೂ ಪಂದ್ಯ ಆಡಿರಲಿಲ್ಲ. ತಂಡಕ್ಕೆ ಮುಂದಿನ ಡ್ರಾಫ್ಟ್ ಯಾವಾಗಲೂ ಇರುತ್ತದೆ. ಆಟಗಾರನಿಗೆ ಇಪ್ಪತ್ತೇಳನೆಯ ವರ್ಷ ಬರುವುದು ಒಂದೇ ಸಲ.